ಮ್ಯಾಮತ್ ಗುಹೆಯ ಮೊದಮೊದಲ ನಕ್ಷೆಗಳನ್ನು ಬರೆದವರು ಯಾರು?

ಅಮೆರಿಕದ ಕೆಂಟಕಿ ರಾಜ್ಯದಲ್ಲಿರುವ ಮ್ಯಾಮತ್ ಗುಹೆ, ನೀರು ಸುಣ್ಣಕಲ್ಲನ್ನು ಕರಗಿಸಿ ಕೊರೆದ ದಾರಿಗಳ ಜಾಲ. ಇದುವರೆಗೆ ಅಳೆದಿರುವುದೇ 670 ಕಿಲೋಮೀಟರಿಗೂ ಹೆಚ್ಚು. 1835ರಲ್ಲಿ ಎಡ್ಮಂಡ್ ಲೀ ಎಂಬ ಎಂಜಿನಿಯರ್ ಇದನ್ನು ಅಳೆದು ನಕ್ಷೆ ಮಾಡಿದ. ಆ ಕಾಲಕ್ಕೆ ಒಂದು ದಿಕ್ಕಿನ ದಾರಿ ‘ತಳವಿಲ್ಲದ ಹೊಂಡ’ದ ಅಂಚಿಗೇ ಮುಗಿಯುತ್ತಿತ್ತು. ತಳವೇನೋ ಇದೆ, ಸುಮಾರು ನೂರು ಅಡಿ ಕೆಳಗೆ. ಎಣ್ಣೆದೀಪದ ಬೆಳಕು ಅಲ್ಲಿಗೆ ಮುಟ್ಟುತ್ತಿರಲಿಲ್ಲ, ಅಷ್ಟೆ.

ಸ್ಟೀಫನ್ ಬಿಷಪ್ ಗುಲಾಮನಾಗಿದ್ದ ಹದಿಹರೆಯದ ಮಾರ್ಗದರ್ಶಿ. 1838ರಲ್ಲಿ ಆತ ಹೊಂಡಕ್ಕೆ ಏಣಿಯೊಂದನ್ನು ಅಡ್ಡ ಹಾಕಿ, ಅದರ ಮೇಲೆ ತೆವಳಿಕೊಂಡು ಆಚೆ ದಾಟಿದ. ಮುಂದಿನ ಶೋಧಗಳಲ್ಲಿ ಹೊಸ ಓಣಿಗಳು, ನೆಲದೊಳಗಿನ ನದಿ, ಕಣ್ಣಿಲ್ಲದ ಬಿಳಿ ಮೀನು ಕಂಡವು. 1842ರಲ್ಲಿ ಒಡೆಯ ಜಾನ್ ಕ್ರೋಗನ್ ಅವನನ್ನು ಲೂಯಿವಿಲ್ ಬಳಿಯ ತನ್ನ ಮನೆಗೆ ಕರೆಸಿ ನಕ್ಷೆ ಬರೆಸಿದ. ಬಿಷಪ್ ಬರೆದದ್ದು ಬರೀ ನೆನಪಿನಿಂದ. ಕೆಲವೇ ವರ್ಷಗಳಲ್ಲಿ ಅದು ಅವನ ಹೆಸರಿನೊಂದಿಗೇ ಅಚ್ಚಾಯಿತು. ಗುಲಾಮನೊಬ್ಬನಿಗೆ ಆಗ ಇಂಥ ಮನ್ನಣೆ ಬಲು ಅಪರೂಪ. ದೂರಗಳ ಲೆಕ್ಕ ತಪ್ಪಿದರೂ ಯಾವ ಓಣಿ ಯಾವುದಕ್ಕೆ ಕೂಡುತ್ತದೆ ಎಂಬುದು ಬಹುಪಾಲು ಸರಿಯಿತ್ತು. ಕರಾರುವಾಕ್ಕಾದ ಅಳತೆಗೆ 1908ರಲ್ಲಿ ಬಂದ ಜರ್ಮನಿಯ ಮ್ಯಾಕ್ಸ್ ಕೆಂಪರ್‌ವರೆಗೆ ಕಾಯಬೇಕಾಯಿತು. ಪಕ್ಕದ ಫ್ಲಿಂಟ್ ರಿಡ್ಜ್ ಗುಹೆಗಳೂ ಇದಕ್ಕೇ ಸೇರಿವೆಯೆಂದು ಖಚಿತವಾದದ್ದು 1972ರಲ್ಲಿ.