ಬಿಸಿನೀರಿನ ಅಪಸ್ಮಾರ

ಬಿಸಿನೀರಿನ ಅಪಸ್ಮಾರವು ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಸೆಳವು ಉಂಟಾಗುವ ಒಂದು ಬಗೆಯ ಮೂರ್ಛೆರೋಗ. ಬೇರೆಡೆ ವಿರಳವಾದ ಇದು ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಕೆಲವು ರೋಗಿಗಳಲ್ಲಿ ಇದಕ್ಕೂ ನರಕೋಶದ ಪೊರೆಯಲ್ಲಿರುವ ಒಂದು ಸಾಗಣೆ ಪ್ರೋಟೀನಿನ ವಂಶವಾಹಿಗೂ ಸಂಬಂಧವಿರುವುದನ್ನು ಬೆಂಗಳೂರಿನ ಸಂಶೋಧಕರು ಗುರುತಿಸಿದ್ದಾರೆ.

ಹಿನ್ನೆಲೆ

ಈ ರೋಗದ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂದಿತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1972ರಲ್ಲಿ 60 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರಗಳನ್ನು ಪ್ರಕಟಿಸಿದರು.

ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬಿನಿಂದ ಒಂದೇ ಸಮನೆ ನೆತ್ತಿಗೆ ಸುರಿದುಕೊಳ್ಳುವ ನಮ್ಮ ಸ್ನಾನದ ರೂಢಿಯೇ ಇಲ್ಲಿ ಪ್ರಚೋದಕ. ನೀರಿನ ತಾಪ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕೆಲವು ರೋಗಿಗಳು ಒಂದು ಬಗೆಯ ಸುಖಾನುಭವಕ್ಕೆ ಒಳಗಾಗಿ, ಪ್ರಜ್ಞೆ ತಪ್ಪುವವರೆಗೂ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಮನೆಯವರಿಗೆ ಇದು ಹಟವೆಂದೋ ಗಾಳಿಸೋಕೆಂದೋ ತೋರಬಹುದು. ವಾಸ್ತವದಲ್ಲಿ ಅದು ಸೆಳವಿನದೇ ಭಾಗ.

ಪ್ರೋಟೀನಿನ ಕಾರ್ಯ

ನರಕೋಶಗಳು ಒಂದನ್ನೊಂದು ಉದ್ರೇಕಿಸಲು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ಕೆಲಸ ಮುಗಿದೊಡನೆ ಅದನ್ನು ತೆರವುಗೊಳಿಸದಿದ್ದರೆ ಉದ್ರೇಕ ಮಿತಿಮೀರುತ್ತದೆ. ತೆರವುಗೊಳಿಸುವ ಪ್ರೋಟೀನುಗಳಲ್ಲಿ ಇಎಎಟಿ3 ಒಂದು. ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿ ಇದನ್ನು ರೂಪಿಸುತ್ತದೆ. ಇದು ಒಂದು ಗ್ಲುಟಮೇಟ್ ಅಣುವಿನೊಂದಿಗೆ ಮೂರು ಸೋಡಿಯಂ ಅಯಾನುಗಳನ್ನೂ ಒಂದು ಹೈಡ್ರೋಜನ್ ಅಯಾನನ್ನೂ ಕೋಶದೊಳಕ್ಕೆ ತಂದು, ಒಂದು ಪೊಟ್ಯಾಸಿಯಂ ಅಯಾನನ್ನು ಹೊರಕ್ಕೆ ಕಳುಹಿಸುತ್ತದೆ. ಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ಅದು ಒಳನುಗ್ಗುವ ಬಲವೇ ಗ್ಲುಟಮೇಟನ್ನೂ ಒಳಕ್ಕೆಳೆಯುತ್ತದೆ. ಹೀಗಾಗಿ ಅಯಾನುಗಳ ಲೆಕ್ಕ ತಪ್ಪಿದರೆ ಗ್ಲುಟಮೇಟಿನ ಲೆಕ್ಕವೂ ತಪ್ಪುತ್ತದೆ.

ವಂಶವಾಹಿಯ ಮಾರ್ಪಾಡುಗಳು

ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡವು ನಿಮ್ಹಾನ್ಸ್ ವೈದ್ಯರೊಂದಿಗೆ ಸೇರಿ, ಈ ರೋಗವಿರುವ ಒಂದು ದೊಡ್ಡ ಕುಟುಂಬದಲ್ಲಿ ಎಸ್‌ಎಲ್‌ಸಿ1ಎ1ರ ಮಾರ್ಪಾಡನ್ನು ಪತ್ತೆಹಚ್ಚಿ 2017ರಲ್ಲಿ ಪ್ರಕಟಿಸಿತು. ಅದರಲ್ಲಿ ಪ್ರೋಟೀನಿನ 174ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲದ ಬದಲು ಗ್ಲೈಸಿನ್ ಬಂದಿರುತ್ತದೆ. ಮೊದಲನೆಯದಕ್ಕೆ ಋಣ ವಿದ್ಯುದಂಶವಿದೆ, ಎರಡನೆಯದಕ್ಕೆ ಇಲ್ಲ. ಬರಹದಲ್ಲಿ ಒಂದಕ್ಷರ ಬದಲಾದಷ್ಟೇ ಸಣ್ಣ ವ್ಯತ್ಯಾಸ. ಸಂಬಂಧವಿಲ್ಲದ ಇತರ ಕೆಲವು ರೋಗಿಗಳಲ್ಲಿಯೂ ಇದೇ ವಂಶವಾಹಿಯ ಬೇರೆ ವಿರಳ ಮಾರ್ಪಾಡುಗಳು ದೊರೆತವು.

ಎಲ್ಲ ರೋಗಿಗಳಿಗೂ ಇದೊಂದೇ ಕಾರಣವಲ್ಲ. ಇದೇ ತಂಡದ ಹಿಂದಿನ ಅಧ್ಯಯನಗಳು ಬೇರೆ ಕುಟುಂಬಗಳಲ್ಲಿ 4 ಮತ್ತು 10ನೆಯ ವರ್ಣತಂತುಗಳ ಕಡೆಗೆ ಬೊಟ್ಟು ಮಾಡಿದ್ದವು.

ಚಿಕಿತ್ಸೆ

ಉಗುರುಬೆಚ್ಚಗಿನ ನೀರಿನ ಸ್ನಾನದಿಂದಲೇ ಅನೇಕರಲ್ಲಿ ಸೆಳವು ತಪ್ಪುತ್ತದೆ. ಅಗತ್ಯವಿದ್ದವರಿಗೆ ವೈದ್ಯರು ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಸೇವಿಸಲು ಕ್ಲೋಬಜಾಮ್ ಮಾತ್ರೆಯನ್ನು ಸೂಚಿಸುತ್ತಾರೆ. ಬಿಸಿನೀರಿಲ್ಲದೆಯೂ ಸೆಳವು ಬರತೊಡಗಿದವರಿಗೆ ನಿತ್ಯದ ಔಷಧಿ ಬೇಕಾಗುತ್ತದೆ.