ಬಿದಿರು ಹೂ ಬಿಟ್ಟ ಬೆಟ್ಟಗಳಲ್ಲಿ

ಬಿದಿರು ಹೂ ಬಿಟ್ಟರೆ ಬರ ಎಂಬ ಮಾತು ನಮ್ಮಲ್ಲೂ ಉಂಟು. ಮಿಜೋರಾಂನಲ್ಲಿ ಅದು ಸುಮಾರು 48 ವರ್ಷಗಳಿಗೊಮ್ಮೆ ಬರುವ 'ಮೌತಾಮ್'. ಬಿದಿರಕ್ಕಿ ತಿಂದು ಹೆಚ್ಚಿದ ಇಲಿಗಳು ಗದ್ದೆಗೆ ನುಗ್ಗಿ ಬೆಳೆಯನ್ನೆಲ್ಲ ಮುಗಿಸುತ್ತವೆ. ಹಿರಿಯರು ಮೊದಲೇ ಎಚ್ಚರಿಸಿದ್ದರೂ ಆಗ ಈ ಬೆಟ್ಟಗಳನ್ನು ಆಳುತ್ತಿದ್ದ ಅಸ್ಸಾಂ ಸರ್ಕಾರ ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕಿತು. 1959ರಲ್ಲಿ ಕ್ಷಾಮ ಬಂದೇ ಬಂತು.

ಹಸಿದವರಿಗೆ ನೆರವಾಗಲು ಲಾಲ್‌ಡೆಂಗಾ ಮುಂದಾಳತ್ವದಲ್ಲಿ ಹುಟ್ಟಿದ ಸಂಘಟನೆಯೇ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರ ಮಾರ್ಚ್‌ನಲ್ಲಿ ಸ್ವಾತಂತ್ರ್ಯ ಸಾರಿ ಬಂದೂಕು ಹಿಡಿಯಿತು. ಐಜ್ವಾಲ್ ಮೇಲೆ ವಾಯುಪಡೆಯ ದಾಳಿ ನಡೆಯಿತು. ಹಳ್ಳಿಗಳನ್ನೇ ಎಬ್ಬಿಸಿ ರಸ್ತೆ ಬದಿಯ ಕಾವಲು ವಸತಿಗಳಿಗೆ ಸಾಗಿಸಲಾಯಿತು. ಇಷ್ಟಾದರೂ ಬಂಡಾಯ ಎರಡು ದಶಕ ಆರಲಿಲ್ಲ.

1986ರ ಜೂನ್ 30ರಂದು ಒಪ್ಪಂದವಾಯಿತು. ಇಲ್ಲಿ ಮೆಚ್ಚಬೇಕಾದವರು ಆಗಿನ ಮುಖ್ಯಮಂತ್ರಿ ಲಾಲ್ ಥನ್ಹಾವ್ಲಾ. ನಿನ್ನೆಯವರೆಗೆ ಬಂಡಾಯಗಾರರಾಗಿದ್ದ ಲಾಲ್‌ಡೆಂಗಾಗೆ ಕುರ್ಚಿ ಬಿಟ್ಟುಕೊಟ್ಟು ಅವರು ಉಪಮುಖ್ಯಮಂತ್ರಿಯಾದರು. ಗೆದ್ದ ಕುರ್ಚಿಯನ್ನು ಹೀಗೆ ಬಿಡುವವರು ನಮ್ಮ ರಾಜಕೀಯದಲ್ಲಿ ಎಷ್ಟು ಮಂದಿ? 1987ರ ಫೆಬ್ರುವರಿ 20ರಂದು ಮಿಜೋರಾಂ ದೇಶದ 23ನೇ ರಾಜ್ಯವಾಯಿತು. 1989ರ ಚುನಾವಣೆಯಲ್ಲಿ ಸೋತ ಫ್ರಂಟ್ ಮತ್ತೆ ಕಾಡಿಗೆ ಹೋಗಲಿಲ್ಲ, ವಿರೋಧ ಪಕ್ಷದಲ್ಲಿ ಕುಳಿತಿತು. 2011ರ ಜನಗಣತಿಯ ವೇಳೆಗೆ ಸಾಕ್ಷರತೆ ಶೇ 91 ದಾಟಿತ್ತು.

2007ರ ಸುಮಾರಿಗೆ ಬಿದಿರು ಮತ್ತೆ ಹೂ ಬಿಟ್ಟಿತು, ಬೆಳೆಯೂ ಹಾಳಾಯಿತು. ಆಗ ಮುಖ್ಯಮಂತ್ರಿ, ಹಿಂದೆ ಕಾಡಿನಲ್ಲಿದ್ದ ಜೋರಾಮ್‌ಥಂಗಾ. ಅವರ ಸರ್ಕಾರ ಇಲಿಬಾಲ ತಂದವರಿಗೆ ಬಾಲಕ್ಕಿಷ್ಟು ಎಂದು ದುಡ್ಡು ಎಣಿಸುತ್ತಿತ್ತು.