ಯಾರ ಮೊಮ್ಮಗ ಈ ಸೈನಿಕ?

ಚಿಂತಾಮಣಿ ತಾಲ್ಲೂಕಿನ ಕೈವಾರದವರಿಗೆ ಮಹಾಭಾರತ ದೂರದ ಕಥೆಯಲ್ಲ. ಪಾಂಡವರು ವೇಷ ಮರೆಸಿಕೊಂಡು ಭಿಕ್ಷೆ ಬೇಡಿ ಬದುಕಿದ ಏಕಚಕ್ರಪುರ ಇದೇ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲಿಯೇ, ಆಮೇಲೆ ಅವನು ಸ್ಥಾಪಿಸಿದ ಲಿಂಗವೇ ಭೀಮಲಿಂಗೇಶ್ವರ ಎನ್ನುತ್ತದೆ ಊರು. ಶಿವರಾತ್ರಿಯಂದು ಬೆಟ್ಟದಿಂದ ಬಕನ ರಕ್ತ ಒಸರುತ್ತದೆಂದು ನಂಬುವವರೂ ಉಂಟು. ಗೌರಿಬಿದನೂರಿನ ಕಡೆ ಹೊರಳಿದರೆ ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥ; ವಿದುರ ನೆಟ್ಟ ಅರಳಿಮರದ ಊರು. ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲೂ ಒಂದು ಏಕಚಕ್ರ ಇದೆ, ಪಾಂಡವರು ಅಲ್ಲಿಯೂ ಇದ್ದರಂತೆ. ಕೈವಾರಕ್ಕೆ ಅದರಿಂದ ಬೇಸರವೇನಿಲ್ಲ. ಕೇಳಿದ ಕಥೆಯ ಒಂದು ತುದಿಯನ್ನು ತಮಗೆ ಗೊತ್ತಿರುವ ಬಂಡೆಗೋ ಮರಕ್ಕೋ ಕಟ್ಟಿದ ಮೇಲೆಯೇ ಜನರಿಗೆ ಸಮಾಧಾನ.

ಈ ಗಂಟು ಹಾಕುವ ಆಸೆ ಕಂಪ್ಯೂಟರ್ ಆಟಗಳನ್ನೂ ಬಿಟ್ಟಿಲ್ಲ. ಪರದೆಯ ಕೆಳಗೆ ಬಂದೂಕು ಹಿಡಿದ ಕೈ ಮಾತ್ರ ಕಾಣುವ, ನಾಯಕನ ಕಣ್ಣೇ ಆಡುವವನ ಕಣ್ಣಾಗುವ ಗುಂಡಿನಾಟಗಳು ನಿಮಗೆ ಗೊತ್ತಿರಬಹುದು. ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪೆನಿ 1992ರಲ್ಲಿ ‘ವುಲ್ಫೆನ್‌ಸ್ಟೈನ್ 3ಡಿ’, 1993ರಲ್ಲಿ ‘ಡೂಮ್’ ತಂದಿತು. ಮೊದಲನೆಯದರ ನಾಯಕ ಬಿ.ಜೆ. ಬ್ಲಾಜ್ಕೋವಿಚ್, ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಕೋಟೆಯಿಂದ ಪಾರಾಗುವವನು. ಎರಡನೆಯದರಲ್ಲಿ ಮಂಗಳ ಗ್ರಹದ ಚಂದ್ರರ ಮೇಲೆ ಪಿಶಾಚಿಗಳೊಡನೆ ಹೋರಾಡುವ ಸೈನಿಕನಿಗೆ ಹೆಸರೇ ಇಲ್ಲ. ಇವೆರಡಕ್ಕೂ ಮೊದಲು, 1990ರಲ್ಲಿ, ಇದೇ ಗೆಳೆಯರ ಬಳಗ ‘ಕಮಾಂಡರ್ ಕೀನ್’ ಎಂಬ ಮಕ್ಕಳ ಆಟ ಮಾಡಿತ್ತು. ಅದರ ನಾಯಕ ಎಂಟು ವರ್ಷದ ಪೋರ ಬಿಲ್ಲಿ ಬ್ಲೇಜ್.

ಮೂರು ಆಟ, ಮೂವರು ನಾಯಕರು. ಅಭಿಮಾನಿಗಳ ಪ್ರಕಾರ ಮೂವರದೂ ಒಂದೇ ವಂಶ! ಬ್ಲಾಜ್ಕೋವಿಚ್ ಅಜ್ಜ, ಬಿಲ್ಲಿ ಮೊಮ್ಮಗ, ಹೆಸರಿಲ್ಲದ ಸೈನಿಕ ಅವರ ಕುಡಿ.

ಯಾರು ಹಾಕಿದ ಗಂಟು?

ಇದು ಪೂರ್ತಿ ಹುಡುಗಾಟವಲ್ಲ. ವುಲ್ಫೆನ್‌ಸ್ಟೈನ್‌ನ ಅಧಿಕೃತ ಸುಳಿವಿನ ಪುಸ್ತಕದಲ್ಲೇ ಒಂದು ವಂಶಾವಳಿ ಇದೆ. ಯುದ್ಧ ಮುಗಿದ ಮೇಲೆ ಬಿ.ಜೆ. ಮದುವೆಯಾದ, ಮಗ ಟಿವಿಗೆ ಸೇರಿ ತನ್ನ ಉದ್ದನೆಯ ಹೆಸರನ್ನು ‘ಬ್ಲೇಜ್’ ಎಂದು ಚಿಕ್ಕದು ಮಾಡಿಕೊಂಡ, ಅವನ ಮಗನೇ ಬಿಲ್ಲಿ. ಎರಡೂ ಆಟಗಳ ವಿನ್ಯಾಸದಲ್ಲಿ ಕೈ ಇದ್ದವರು ಟಾಮ್ ಹಾಲ್. ಆದ್ದರಿಂದ ಅಜ್ಜ–ಮೊಮ್ಮಗನ ಗಂಟು ಕಥೆ ಕಟ್ಟಿದವರೇ ಹಾಕಿದ್ದು. ಅದರ ಬಗ್ಗೆ ತಕರಾರಿಲ್ಲ.

ಡೂಮ್‌ನ ಸೈನಿಕನ ಸಂಗತಿ ಬೇರೆ. 1994ರ ‘ಡೂಮ್ 2’ರಲ್ಲಿ ಎರಡು ಗುಪ್ತ ಹಂತಗಳಿವೆ. ಅಲ್ಲಿ ವುಲ್ಫೆನ್‌ಸ್ಟೈನ್‌ನ ಅದೇ ಗೋಡೆಗಳು, ಅದೇ ನಾಜಿ ಸೈನಿಕರು. ಎರಡನೆಯ ಹಂತದ ಕೊನೆಗೆ ನೇಣಿಗೆ ನೇತುಬಿದ್ದ ನಾಲ್ಕು ಪುಟ್ಟ ಕೀನ್‌ಗಳು! ನಾಲ್ಕನ್ನೂ ಗುಂಡಿಕ್ಕಿ ಉರುಳಿಸಿದರಷ್ಟೆ ಮುಂದಿನ ದಾರಿ. ವಂಶಾವಳಿಯನ್ನು ನಂಬುವುದಾದರೆ ಮೊಮ್ಮಗ ತನ್ನ ಹಿರಿಯನಿಗೇ ಗುಂಡಿಟ್ಟಂತಾಯಿತು. ಇದು ತಯಾರಕರ ತಮಾಷೆ, ವಂಶವೃಕ್ಷವಲ್ಲ. ಆದರೆ ಅಭಿಮಾನಿ ಬಿಡಬೇಕಲ್ಲ! ಎರಡು ಲೋಕಗಳಿಗೂ ಬಾಗಿಲು ಇದೆ ಎಂಬುದಕ್ಕೆ ಅವನಿಗೆ ಅದೇ ಸಾಕ್ಷಿ.

ಮುಂದೆ ಮೊಬೈಲ್ ಫೋನಿನ ಆಟಗಳು ಬಂದವು. 2008ರ ‘ವುಲ್ಫೆನ್‌ಸ್ಟೈನ್ ಆರ್‌ಪಿಜಿ’ಯಲ್ಲಿ ಬಿ.ಜೆ.ಗೆ ಎದುರಾಗುವ ರಾಕ್ಷಸ ಒಂದು ಕೈ, ಒಂದು ಕಾಲು ಕಳೆದುಕೊಳ್ಳುತ್ತಾನೆ. ಡೂಮ್‌ನಲ್ಲಿ ಯಂತ್ರದ ಕೈಕಾಲಿನ ರಾಕ್ಷಸನನ್ನು ಕಂಡವರಿಗೆ ಸೂಚನೆ ಸಾಕು. ಮರುವರ್ಷದ ‘ಡೂಮ್ 2 ಆರ್‌ಪಿಜಿ’ಯಲ್ಲಿ ಸ್ಟಾನ್ ಬ್ಲಾಜ್ಕೋವಿಚ್ ಎಂಬ ಸೈನಿಕನೇ ಬಂದ. ಅಭಿಮಾನಿಗಳು ಎಂದೋ ಹಾಕಿದ್ದ ಗಂಟಿಗೆ ಮಾಲೀಕರೇ ಮುದ್ರೆ ಒತ್ತಿದಂತಾಯಿತು. ಅದೂ ಬಹಳ ದಿನ ಉಳಿಯಲಿಲ್ಲ. 2014ರ ‘ವುಲ್ಫೆನ್‌ಸ್ಟೈನ್: ದಿ ನ್ಯೂ ಆರ್ಡರ್’ನಲ್ಲಿ ಯುದ್ಧ ಗೆದ್ದವರೇ ನಾಜಿಗಳು. ಆ ಲೋಕದಲ್ಲಿ ಟಿವಿ ಸೇರುವ ಮಗನೆಲ್ಲಿ, ಹೋಮ್‌ವರ್ಕ್ ಬರೆಯುವ ಬಿಲ್ಲಿಯೆಲ್ಲಿ?

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯನ್ನು ನೋಡಿದವರಿಗೆ ಇದು ಅರ್ಥವಾದೀತು. ಒಂದು ಗೂಡಿನ ಎಳೆ ಕಣ್ಣಿಗೆ ಕಾಣದಷ್ಟು ತೆಳು. ಬಿಸಿನೀರಿನಲ್ಲಿ ಮೆತ್ತಗಾದ ಹಲವು ಗೂಡುಗಳ ಎಳೆ ಕೂಡಿದರೆ ಒಂದು ನೂಲು. ಒಂದು ಗೂಡು ಮುಗಿದರೆ ಬಿಚ್ಚುವವನ ಬೆರಳು ಇನ್ನೊಂದರ ಎಳೆಯನ್ನು ತಂದು ಸೇರಿಸುತ್ತದೆ. ನೂಲು ಹರಿಯಬಾರದು ಎಂಬುದೊಂದೇ ಅವನ ಚಿಂತೆ. ಕಥೆಯ ಅಭಿಮಾನಿಗೂ ಅದೇ ಚಿಂತೆ.

ಮರ ಬಿದ್ದ ಮೇಲೆ

ಹಾಗಾದರೆ ಇದರಿಂದ ಕೇಡೇನು? ಕಥೆಗೆ ಕಥೆ ಗಂಟುಬಿದ್ದರೆ ಏನೂ ಇಲ್ಲ. ಕಥೆಯೂ ಚರಿತ್ರೆಯೂ ಒಂದೇ ನೂಲಾದಾಗ ಮಾತ್ರ ಎಚ್ಚರ ಬೇಕು. ಅದಕ್ಕೆ ಮತ್ತೆ ವಿದುರಾಶ್ವತ್ಥಕ್ಕೇ ಬರಬೇಕು.

1938ರ ಏಪ್ರಿಲ್ 25ರಂದು ಅಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದೇ ಅದು ಹೆಸರಾಗಿದೆ. ಸತ್ತವರೆಷ್ಟು? ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ವಿದುರನ ಹೆಸರಿನ ಆ ಹಳೆಯ ಅರಳಿಮರ 2001ರಲ್ಲಿ ಉರುಳಿತು. ಕಥೆಗೆ ಏನೂ ಆಗಲಿಲ್ಲ, ಭಕ್ತರು ಬರುತ್ತಲೇ ಇದ್ದಾರೆ. ಆದರೆ 1938ರಲ್ಲಿ ಬಿದ್ದವರ ಹೆಸರುಗಳಿಗೆ ಆ ಭಾಗ್ಯವಿಲ್ಲ. ಯಾರಾದರೂ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕಲ್ಪನೆಯಿಂದ ಅವರ ಸಂಖ್ಯೆ ಹೆಚ್ಚಿಸುವುದೂ ತಪ್ಪು, ಕಡಮೆ ಮಾಡುವುದೂ ತಪ್ಪು.

ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆಂದು ಅವರು ಸಮಿತಿಯನ್ನೇ ರಚಿಸಿದ್ದರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಎಂಬುದು ಅವರು ಜೀವನವಿಡೀ ಹೇಳಿದ ಪಾಠ.

ಮನೆಯ ಹುಡುಗ ಬಂದು ‘ಡೂಮ್‌ನ ಸೈನಿಕ ಬ್ಲಾಜ್ಕೋವಿಚ್‌ನ ಮೊಮ್ಮಗ’ ಎಂದರೆ ನಗಬೇಡಿ, ಗದರಲೂ ಬೇಡಿ. ‘ಹಾಗೆಂದು ಹೇಳಿದವರು ಯಾರಪ್ಪ? ಆಟ ಮಾಡಿದವರೋ, ಮಾರಿದವರೋ, ನೀವು ಗೆಳೆಯರೋ?’ ಎಂದು ಕೇಳಿ. ಅವನಿಗೆ ಮೂರೂ ಬೇರೆಬೇರೆಯಾಗಿ ಗೊತ್ತಿರುತ್ತದೆ, ಅಭಿಮಾನಿಗಳು ಈ ಲೆಕ್ಕದಲ್ಲಿ ಬಲು ಚುರುಕು. ಉತ್ತರ ಕೇಳಿದ ಮೇಲೆ ಒಂದು ಭಾನುವಾರ ಅವನನ್ನು ವಿದುರಾಶ್ವತ್ಥಕ್ಕೆ ಕರೆದೊಯ್ಯಿರಿ. ಅಶ್ವತ್ಥಕಟ್ಟೆಯನ್ನೂ ತೋರಿಸಿ, ಹುತಾತ್ಮರ ಸ್ಮಾರಕವನ್ನೂ ತೋರಿಸಿ. ಅದೇ ಪ್ರಶ್ನೆಯನ್ನು ಎರಡೂ ಕಡೆ ಅವನೇ ಕೇಳಲಿ.